ಬರ್ಕಾದ ಗೋಡೆಯ ಮೇಲೆ ಊರಿನ ಗಂಟೆ

ವಾರಿಜಾಕ್ಷಿಯ ಅಡುಗೆಮನೆಯ ಗಡಿಯಾರ ಒಮಾನಿನ ಸಮಯ ತೋರಿಸುತ್ತಿರಲಿಲ್ಲ. ಗಂಡ ಕೊಗ್ಗ ಬರ್ಕಾದಲ್ಲಿ ಹೊಲಿಗೆ ಅಂಗಡಿ ತೆರೆದ ವರ್ಷ ಊರು ಕಾಪುವಿನಿಂದ ಅದನ್ನು ತಂದು ಮೊಳೆಗೆ ತೂಗುಹಾಕಿದ್ದಳು. ಮುಳ್ಳು ತಿರುಗಿಸಲಿಲ್ಲ. ಊರಿನ ಗಂಟೆ ಇಲ್ಲಿಗಿಂತ ಒಂದೂವರೆ ತಾಸು ಮುಂದೆ. ಅಲ್ಲಿ ಈಗ ಮೀನಿನವಳು ಬಂದಿರಬಹುದು, ಮಕ್ಕಳು ಶಾಲೆ ಬಿಟ್ಟಿರಬಹುದು ಎಂದು ತಿಳಿಯಲು ಆಕೆಗೆ ಅದು ಬೇಕಿತ್ತು. ಅಡುಗೆ, ನಿದ್ದೆ ಎಲ್ಲವೂ ಅದನ್ನು ನೋಡಿಯೇ ನಡೆಯುತ್ತಿದ್ದವು.

1988ರಲ್ಲಿ, ಬರ್ಕಾದಲ್ಲೇ ಇದ್ದ ಬಸುರಿ ತಂಗಿ ಮೋಹಿನಿಗೆ ಏಳು ತಿಂಗಳು ತುಂಬಿತು. ತಾಯಿ ಇಲ್ಲದ ತಂಗಿ. ಬಯಕೆ ಶಾಸ್ತ್ರವನ್ನು ತಾನೇ ಮಾಡಿಸುವೆನೆಂದು ವಾರಿಜಾಕ್ಷಿ ಮಾತು ಕೊಟ್ಟಿದ್ದಳು, ಅದೂ ಶಂಕರಪುರದ ಮಲ್ಲಿಗೆ ಮುಡಿಸಿ. ಊರಿನ ಜೋಯಿಸರು ಹನ್ನೊಂದರೊಳಗೆ ಹೂ ಮುಡಿಸಬೇಕೆಂದು ಫೋನಿನಲ್ಲಿ ಹೇಳಿದ್ದರು.

ಹೂ ತರುವ ಹೊಣೆ ರಜೆ ಮುಗಿಸಿ ಬರುತ್ತಿದ್ದ ಮೈದುನ ಭೋಜರಾಜನದು. ಮಂಗಳೂರಿನ ಬಜ್ಪೆಯಿಂದ ಬೊಂಬಾಯಿಗೊಂದು ವಿಮಾನ, ಮರುದಿನ ಬೆಳಿಗ್ಗೆ ಮಸ್ಕತ್ತಿನ ಸೀಬ್‌ಗೆ ಇನ್ನೊಂದು. ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ. ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಮಾಲೆಯ ಅಟ್ಟೆಯನ್ನು ಅವನು ತೊಡೆಯ ಮೇಲಿಟ್ಟುಕೊಂಡೇ ಬಂದ. ಟಿಕೆಟಿನ ಪ್ರಕಾರ ಬೊಂಬಾಯಿ ಬಿಟ್ಟದ್ದು ಏಳಕ್ಕೆ, ಇಳಿದದ್ದು ಒಮಾನಿನ ಎಂಟಕ್ಕೆ. ವಿಮಾನದಲ್ಲೇ ಕೈಗಡಿಯಾರವನ್ನು ಹಿಂದಕ್ಕೆ ತಿರುಗಿಸಿಕೊಂಡಿದ್ದ. ಹನ್ನೊಂದಕ್ಕೆ ಬೇಕಾದಷ್ಟು ಹೊತ್ತಿದೆಯೆಂದು ಬರ್ಕಾ ಪೇಟೆಯಲ್ಲಿ ಚಹಾ ಕುಡಿದು, ಬಾಳೆಹಣ್ಣು ಆರಿಸಿಕೊಂಡು ಮನೆಗೆ ಬಂದ.

ಅಡುಗೆಮನೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಮೋಹಿನಿ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕಾದು ಕುಳಿತಿದ್ದಳು.

"ಬಂದೆಯಾ? ಮುಹೂರ್ತ ಖಲಾಸ್," ಎಂದಳು ವಾರಿಜಾಕ್ಷಿ. ದನಿ ಏರಲಿಲ್ಲ. "ಇನ್ನು ಆ ಹೂವನ್ನು ನೀನೇ ಮುಡಿದುಕೋ ಮಾರಾಯ."

"ಎಂತದು ಅತ್ತಿಗೆ, ಈಗ ಹತ್ತು ಗಂಟೆ ಅಲ್ವಾ?" ಅವನು ಮಣಿಕಟ್ಟು ತೋರಿಸಿದ.

"ಜೋಯಿಸರು ಇರುವುದು ಕಾಪುವಿನಲ್ಲಿ. ಅವರ ಹನ್ನೊಂದು ಕಳೆದು ಅರ್ಧ ಗಂಟೆ ಆಯ್ತು."

ಪಕ್ಕದ ಮನೆಯ ಪದ್ಮಮ್ಮ, ಮೈಸೂರಿನವರು, ಕೋಸಂಬರಿಗೆ ನಿಂಬೆಹಣ್ಣು ಹಿಂಡುತ್ತಿದ್ದರು. "ಜೋಯಿಸರಿಗೆ ಶಾಸ್ತ್ರ ಎಲ್ಲಿ ಅಂತ ಹೇಳಿದ್ರಿ?"

"ಬರ್ಕಾ ಅಂತಲೇ. ಎಲ್ಲಿ ಉಂಟು ಅಂತ ಎರಡು ಸಲ ಕೇಳಿದರು."

"ಮತ್ತೆ? ಬಸುರಿ ಕೂತಿರೋದು ಇಲ್ಲಿ, ಬಿಸಿಲು ಬಿದ್ದಿರೋದೂ ಇಲ್ಲಿ. ಬರ್ಕಾದ ಸೂರ್ಯ ನಿಮ್ಮ ಅಡುಗೆಮನೆ ಗಡಿಯಾರ ನೋಡ್ಕೊಂಡು ಹುಟ್ತಾನೇನ್ರಿ?"

ಮೊದಲು ನಕ್ಕವಳು ಮೋಹಿನಿ. "ಅಕ್ಕ, ನನಗೆ ಹಸಿವೆ. ಯಾವ ಗಂಟೆಯಾದರೂ ಆಗಲಿ, ಮುಡಿಸು."

ವಾರಿಜಾಕ್ಷಿ ಅಂಗಳಕ್ಕೆ ಹೋಗಿ ಖರ್ಜೂರದ ಮರದ ನೆರಳನ್ನು ನೋಡಿದಳು. ನೆರಳು ಇನ್ನೂ ಉದ್ದವಾಗಿತ್ತು. ಒಳಗೆ ಬಂದು ಬಾಳೆಲೆ ಬಿಚ್ಚಿದಳು. ಅಂಚಿನ ಕೆಲವು ಮೊಗ್ಗು ಕೆಂಪಾಗಿದ್ದವು, ಉಳಿದವು ಸರಿಯಾಗಿದ್ದವು. ತಂಗಿಯ ಜಡೆಗೆ ಸುತ್ತುವಾಗ ಗೋಡೆಯ ಕಡೆ ತಲೆ ಎತ್ತಲಿಲ್ಲ.

ಹೆರಿಗೆಯಾದಾಗ ಜಾತಕಕ್ಕಾಗಿ ಊರಿಗೆ ಫೋನ್ ಮಾಡಿದವಳು ಅವಳೇ. ಮಗು ಹುಟ್ಟಿದ್ದು ಒಮಾನಿನಲ್ಲಿ, ಒಮಾನಿನ ಗಂಟೆಯಲ್ಲಿ ಎಂದು ಮೊದಲೇ ಸ್ಪಷ್ಟಪಡಿಸಿದಳು. ಗಡಿಯಾರವನ್ನು ಇನ್ನಾದರೂ ತಿರುಗಿಸಬಹುದಲ್ಲ ಎಂದು ಕೊಗ್ಗ ಕೇಳಿದ.

"ಅದು ಇರಲಿ," ಎಂದಳು. "ಊರಲ್ಲಿ ಈಗ ದೀಪ ಹಚ್ಚುವ ಹೊತ್ತು."