ತಲೆ ಕದಲದಂತೆ ಕಾಯುವ ನಾಗಕ್ಕ

ಹರಿಹರದ ಹೊಳೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ನಾಗಕ್ಕ ಬುಟ್ಟಿಯಲ್ಲಿ ಮರಳು ತೊಳೆಯುತ್ತಿದ್ದಾಳೆ. ಅದನ್ನು ಒಣಗಿಸಿ, ಹಳೆಯ ಪಂಚೆಯಿಂದ ಹೊಲಿದ ಚೀಲಗಳಿಗೆ ತುಂಬಿ, ಕಣ್ಣಿನ ಪೊರೆ ತೆಗೆಸಿಕೊಂಡವರ ತಲೆಯ ಎರಡೂ ಬದಿಗೆ ಒತ್ತಿಡುವುದು ಆಕೆಯ ಕೆಲಸ. ಆಪರೇಷನ್ ಆದವರು ವಾರದವರೆಗೆ ಅಂಗಾತ ಮಲಗಿರಬೇಕು. ಎದ್ದು ತಲೆ ಬಗ್ಗಿಸಿದರೆ ಬಂದ ಕಣ್ಣು ಹೋದೀತು.

"ಒಂದು ಹರಳು ಉಳಿದ್ರೂ ಕಿವಿಗೆ ಒತ್ತತೈತ್ರಿ. ಒತ್ತಿದ್ರೆ ಹೊರಳ್ತಾರೆ" ಎನ್ನುತ್ತಾ ಮತ್ತೊಮ್ಮೆ ಬುಟ್ಟಿ ಕುಲುಕುತ್ತಾಳೆ.

ಚಳಿಗಾಲದಲ್ಲಿ ಸಮುದ್ರದಾಚೆಯಿಂದ ಒಬ್ಬ ಡಾಕ್ಟರು, ಇಬ್ಬರು ನರ್ಸುಗಳು ಇಲ್ಲಿಗೆ ಬರುತ್ತಾರೆ. ತಮ್ಮೂರಿನ ಆಸ್ಪತ್ರೆಗೆ ರಜೆ ಹಾಕಿ, ದಾರಿಖರ್ಚು ತಾವೇ ಹಾಕಿಕೊಂಡು ಬರುವ ಕ್ರೈಸ್ತ ಜನ. ಶಾಲೆಯೊಂದರ ಕೋಣೆಗಳು ಮೂರು ವಾರ ಆಸ್ಪತ್ರೆಯಾಗುತ್ತವೆ. ಮೊದಲ ಶಿಬಿರಕ್ಕೆ ನಾಗಕ್ಕ ಕೊಕ್ಕನೂರಿನಿಂದ ಕುರುಡು ತಾಯಿಯ ಕೈ ಹಿಡಿದು ಬಂದಿದ್ದಳು. ತಾಯಿಗೆ ಕಣ್ಣು ಬಂತು, ಮಗಳು ಶಿಬಿರದ ಕೆಲಸಕ್ಕೆ ನಿಂತಳು. ಗಂಡ ತೀರಿಹೋದ ಮೇಲೆ ಹೊಲ, ಮನೆ ಎಲ್ಲ ಆಕೆಯ ತಲೆಯ ಮೇಲೆಯೇ ಇದ್ದರೂ ಶಿಬಿರ ಬಂತೆಂದರೆ ಸೊಸೆಗೆ ಒಪ್ಪಿಸಿ ಹೊರಟುಬಿಡುತ್ತಾಳೆ. ಸಂಬಳವಿಲ್ಲ, ಊಟ ಉಂಟು. "ಅವ್ರು ಅಷ್ಟು ದೂರದಿಂದ ಬರ್ತಾರೆ. ನಾನು ಬಂಡಿ ಹತ್ತಿ ಬರಾಕೆ ಏನು ದಾಡಿ?"

ಈ ವರ್ಷ ಆಕೆಯ ಜೀವ ಬಾಯಿಗೆ ಬಂದಿತ್ತು.

ಮಾಯಕೊಂಡದ ಅಜ್ಜಿ ಬಸವಣ್ಣೆಮ್ಮನನ್ನು ಶಿಬಿರಕ್ಕೆ ಒಪ್ಪಿಸಿ ಕರೆತಂದವಳು ನಾಗಕ್ಕನೇ. ಆಪರೇಷನ್ ಆಯಿತು, ಎರಡೂ ಕಣ್ಣಿಗೆ ಪಟ್ಟಿ ಬಿತ್ತು. ನಾಗಕ್ಕ ಚಮಚದಲ್ಲಿ ನೀರು ಹಾಕುತ್ತಾಳೆ, ಅಜ್ಜಿ ಬಾಯಿ ತೆರೆಯುತ್ತಾಳೆ. ಮರುದಿನ ನೋಡಿದರೆ ದಿಂಬು ಒದ್ದೆ. ಬೆವರಿರಬೇಕು ಎಂದುಕೊಂಡು ನಾಗಕ್ಕ ದಿಂಬು ಬದಲಿಸುತ್ತಾಳೆ. ಅದರ ಮಾರನೆಯ ಬೆಳಗ್ಗೆ ಹೊಳೆಯಿಂದ ಬಂದು ನೋಡುತ್ತಾಳೆ: ಮರಳಿನ ಚೀಲಗಳು ನೆಲದ ಮೇಲೆ, ಬಸವಣ್ಣೆಮ್ಮ ಹಾಸಿಗೆಯ ಮೇಲೆ ಎದ್ದು ಕೂತಿದ್ದಾಳೆ. ಎಡಗೈಯಲ್ಲಿ ಇಷ್ಟಲಿಂಗ. ಪಟ್ಟಿ ಕಟ್ಟಿದ ತಲೆ ಅದರತ್ತ ಬಾಗಿದೆ.

"ಏನ್ ಮಾಡಿದ್ರೀ ಅವ್ವಾರೆ?"

"ಗಂಟಲು ಒಣಗಿತ್ತವ್ವ. ಪೂಜೆ ಇಲ್ದೆ ನೀರು ಹೆಂಗೆ ಕುಡೀಲಿ?"

"ನಿನ್ನೆ ಕುಡಿದ್ರಲ್ಲ?"

"ಎಲ್ಲಿ ಕುಡಿದೆ? ಬಾಯಾಗಿಂದ ದಿಂಬಿಗೆ ಬಿಟ್ಟೆ."

"ಒಂದು ಮಾತು ಹೇಳಬಾರದಾ?"

"ಪಾದ್ರಿ ಜನ. ಲಿಂಗ ತೆಗೀರಿ ಅಂದುಬಿಟ್ರೆ?"

"ಅವ್ರು ನಿಮ್ಮ ಪೊರೆ ತೆಗಿಯಾಕೆ ಬಂದಾರೆ, ಲಿಂಗ ತೆಗಿಯಾಕಲ್ಲ. ಮಲಗ್ರಿ ಸುಮ್ನೆ."

ಮಲಗಿಸಿ, ನಾಗಕ್ಕ ಚೀಲಗಳನ್ನು ಮತ್ತೆ ತಲೆಯ ಬದಿಗೆ ಒತ್ತಿಡುತ್ತಾಳೆ. ಮುಚ್ಚಿಟ್ಟರೆ ಯಾರಿಗೂ ತಿಳಿಯದು. ಆದರೂ ನೇರವಾಗಿ ನರ್ಸ್ ಮಿಸ್ ಎಡಿತ್ ಹತ್ತಿರ ಹೋಗಿ ನಿಲ್ಲುತ್ತಾಳೆ. ಕಾಂಪೌಂಡರ್ ಹಿದಾಯತ್ ನಡುವೆ ನಿಂತು ಎರಡೂ ಕಡೆಯ ಮಾತು ದಾಟಿಸುತ್ತಾನೆ. ಎಡಿತ್‌ಳ ಮುಖ ಬಿಳಿಚಿಕೊಳ್ಳುತ್ತದೆ, ಬೈಗುಳ ಬರುವುದಿಲ್ಲ. ಅಜ್ಜಿಯ ಪಕ್ಕ ಕೂತು, ಲಿಂಗ ನಿಮ್ಮ ಬಳಿಯೇ ಇರಲಿ, ಮಲಗಿ ಪೂಜೆ ಮಾಡಲಾಗುವುದೇ ಎಂದು ಹಿದಾಯತನಿಂದ ಕೇಳಿಸುತ್ತಾಳೆ.

ನಾಗಕ್ಕ ಬಾಯಿ ಹಾಕುತ್ತಾಳೆ. "ಜ್ವರ ಬಂದಾಗ ಹೆಂಗೆ ಮಾಡ್ತಿದ್ರಿ?"

"ಮಲಗಿಕೊಂಡೇ ಮಾಡ್ತಿದ್ದೆ."

"ಮತ್ತೆ ಈಗ?"

"ಆವಾಗ ಕಾಯಿಲೆ ಇತ್ತವ್ವ. ಈಗ ನಂಗೇನಾಗೈತೆ? ಕಲ್ಲುಗುಂಡಿನಂಗೆ ಇದೀನಿ."

ಹಿದಾಯತ್ ಇದನ್ನು ದಾಟಿಸಲಾಗದೆ ನಗುತ್ತಾನೆ. ಎಡಿತ್ ಅಜ್ಜಿಯ ಕೈ ಹಿಡಿದು, ಪಟ್ಟಿ ಬಿಚ್ಚುವವರೆಗೆ ನೀವು ಕಾಯಿಲೆಯವರೇ ಎಂದು ಒಪ್ಪಿಸುತ್ತಾಳೆ. ಅಂದಿನಿಂದ ಪ್ರತಿ ಬೆಳಗ್ಗೆ ಅಜ್ಜಿ ಮಲಗಿದಲ್ಲೇ ಎದೆಯ ಮೇಲೆ ಲಿಂಗ ಹಿಡಿಯುತ್ತಾಳೆ. ಲಿಂಗ ಮುಟ್ಟದೆ ನಾಗಕ್ಕ ಮೊಣಕೈಗೆ ಆಸರೆ ಕೊಡುತ್ತಾಳೆ. ಕಣ್ಣಿಗೆ ಉದುರದಿರಲೆಂದು ವಿಭೂತಿ ತೋಳಿಗಷ್ಟೆ. ಆಮೇಲೆ ನೀರು, ಅದು ಗಂಟಲಲ್ಲಿ ಇಳಿಯುವುದನ್ನು ನಾಗಕ್ಕ ನೋಡಿಯೇ ಏಳುತ್ತಾಳೆ.

ಆದರೆ ಆಗಿದ್ದು ಆಗಿಹೋಗಿತ್ತು. ಉಳಿದ ದಿನಗಳಲ್ಲಿ ನಾಗಕ್ಕನಿಗೆ ಊಟ ಸೇರಲಿಲ್ಲ. "ನಾನೇ ಕೈ ಹಿಡಿದು ಕರ್ಕಂಡು ಬಂದಿದ್ದು. ಕುರುಡಿಯಾಗೇ ವಾಪಸ್ ಕಳಿಸಿದ್ರೆ ಮಾಯಕೊಂಡದ ಒಂದು ಹೆಣ್ಣೂ ಇತ್ತ ಬರ್ತಿರ್ಲಿಲ್ಲ" ಎನ್ನುತ್ತಾಳೆ.

ಪಟ್ಟಿ ಬಿಚ್ಚುವ ದಿನ ಆಕೆ ಹತ್ತಿರ ಹೋಗುವುದಿಲ್ಲ, ಬಾಗಿಲಿಗೆ ಒರಗಿ ನಿಲ್ಲುತ್ತಾಳೆ. ಡಾಕ್ಟರು ಕನ್ನಡಕದ ದಪ್ಪ ಗಾಜೊಂದನ್ನು ಅಜ್ಜಿಯ ಕಣ್ಣ ಮುಂದೆ ಹಿಡಿಯುತ್ತಾರೆ. ಅಜ್ಜಿ ಸುತ್ತ ನೋಡಿ, ಬಾಗಿಲ ಕಡೆಗೆ ಬೆರಳು ಮಾಡುತ್ತಾಳೆ.

"ಆ ಹಸಿರು ಸೀರೆಯಾಕಿ ಯಾರು?"

"ನಾನೇ ಅವ್ವಾರೆ, ನಾಗಕ್ಕ."

"ನೀನಾ? ಗದರಿಸೋ ದನಿ ಕೇಳಿ ಆಳೆತ್ತರ ಇರ್ತೀಯ ಅನ್ಕಂಡಿದ್ದೆ. ಇಷ್ಟೇ ಇದೀಯಲ್ಲೇ."

ಕೋಣೆಯೆಲ್ಲ ನಗುತ್ತದೆ. ನಾಗಕ್ಕ ಮಾತ್ರ ಬಾಗಿಲ ಬುಡದಲ್ಲಿ ಕುಸಿದು ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾಳೆ. ಎಡಿತ್ ಬಂದು ಪಕ್ಕದಲ್ಲಿ ನೆಲದ ಮೇಲೆಯೇ ಕೂರುತ್ತಾಳೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಹಿದಾಯತನನ್ನು ಯಾರೂ ಕರೆಯುವುದಿಲ್ಲ.

ಶಿಬಿರ ಮುಗಿದಿದೆ. ಇನ್ನೇನು ಬೇಕು ನಾಗಕ್ಕ ಎಂದರೆ ಚೀಲಗಳಿಂದ ಮರಳು ಕೊಡವುತ್ತಾ ಯೋಚಿಸುತ್ತಾಳೆ.

"ಒಂದ್ಸಲ ಮಾಯಕೊಂಡಕ್ಕೆ ಹೋಗ್ಬೇಕ್ರಿ. ಅವ್ವಾರು ಒಲೆ ಮುಂದೆ ಬಗ್ಗಿ ರೊಟ್ಟಿ ಬಡಿಯೋದ್ನ ಕೂತು ನೋಡ್ಬೇಕು. ಅವ್ರು ಬಗ್ಗಿದ್ದು ನಾನು ನೋಡಿರೋದು ಒಂದೇ ಸಲ, ಆವತ್ತು ನನ್ನ ಜೀವ ಹೋಗಿತ್ತು. ಈಗ ಎಷ್ಟು ಬಗ್ಗಿದ್ರೂ ಏನೂ ಆಗಂಗಿಲ್ಲ ಅಲ್ವಾ? ಅದನ್ನ ಕಣ್ತುಂಬ ನೋಡ್ಕಂಡು ಬರ್ತೀನಿ."