ಕಸಿಲ್ದಾ ಒರೆಸಿದ ಹಳದಿ

ಉತ್ರೇರಾ ಊರಿನ ಕಸಿಲ್ದಾಳ ಮನೆಯೊಳಗೆ ಹಳದಿಗೆ ಪ್ರವೇಶವಿರಲಿಲ್ಲ. ನಿಂಬೆಹಣ್ಣನ್ನೂ ಹಿತ್ತಲಲ್ಲೇ ಹಿಂಡಿ ತರುತ್ತಿದ್ದಳು. ಹೋರಿ ಕಾಳಗದವರ ಬಟ್ಟೆ ಹೊಲಿಯುವವಳು. ದಿನವಿಡೀ ಕೈಯಲ್ಲಿ ಜರಿ ಎಳೆ. ಅದೂ ಹಳದಿಯಲ್ಲವೇ ಎಂದು ಯಾರಾದರೂ ಕೆಣಕಿದರೆ, ಅದು ಚಿನ್ನದ ಬಣ್ಣ, ಕಣ್ಣಿಲ್ಲವೇ ಎಂದು ಬಾಯಿ ಮುಚ್ಚಿಸುತ್ತಿದ್ದಳು. ನಗುವವರು ನಗಲಿ. ಅವಳ ಗಂಡ ಬಾರ್ತೊಲೊ ಕಾಳಗದಲ್ಲಿ ಹೋರಿಯ ಕೊಂಬಿಗೆ ಸಿಕ್ಕು ಸತ್ತ ದಿನ ಅವನ ಕಿಸೆಯಲ್ಲಿದ್ದದ್ದು ಹಳದಿ ಕರವಸ್ತ್ರ. ಮಡಿಸಿ ಇಟ್ಟವಳು ಇವಳೇ.

1925ರ ಬೇಸಿಗೆಯಲ್ಲಿ ಅವಳ ಮಗಳು, ಹದಿನೆಂಟರ ರೊಸೆಂದಾ, ಸಿನಿಮಾದವರ ಕಣ್ಣಿಗೆ ಬಿದ್ದಳು. ಮಾತಿಲ್ಲದ ಸಿನಿಮಾ. ಅಜ್ಜಿಯ ಮನೆಗೆ ಹೊರಟ ಕೆಂಪು ಮುಸುಕಿನ ಹುಡುಗಿಯ ಕಥೆ. ತೋಳದ ಬದಲು ಹಣೆಯಲ್ಲಿ ಬಿಳಿ ಮಚ್ಚೆಯ ಹೋರಿ, ಕಾಡಿನ ಬದಲು ಅಖಾಡ. ಅಪ್ಪನಿಂದ ಹೋರಿಯ ಮುಂದೆ ಬಟ್ಟೆ ಬೀಸುವುದನ್ನು ಕಲಿತಿದ್ದ ಹುಡುಗಿ ಕುಣಿದಾಡಿ ಒಪ್ಪಿದಳು.

ಕಾಳಗದ ದೃಶ್ಯದ ಬೆಳಿಗ್ಗೆ ಬಣ್ಣದವನು ಮಗಳ ಮುಖಕ್ಕೆಲ್ಲ ಹಳದಿ ಮೆತ್ತಿದ್ದು ಕಂಡು ಕಸಿಲ್ದಾಳ ಜೀವ ಬಾಯಿಗೆ ಬಂತು. ಹೇಳಿದರೆ ಯಾರು ಕೇಳುತ್ತಾರೆ? ಮುಸುಕು ಸರಿಪಡಿಸುವ ನೆಪದಲ್ಲಿ ಅಖಾಡದ ಬಾಗಿಲಲ್ಲಿ ಮಗಳನ್ನು ನಿಲ್ಲಿಸಿ ಎಲ್ಲವನ್ನೂ ಒರೆಸಿಬಿಟ್ಟಳು. ದೂರದ ಕ್ಯಾಮೆರಾದವರಿಗೆ ಬಿಸಿಲಲ್ಲಿ ತಿಳಿಯಲಿಲ್ಲ. ಹೋರಿ ಬಟ್ಟೆಯ ಹಿಂದೆ ಓಡಿತು, ಮಗಳು ಕೂದಲೂ ಕೊಂಕದೆ ಹೊರಬಂದಳು.

ನಾಲ್ಕು ದಿನಕ್ಕೆ ನಿರ್ದೇಶಕ ದೋನ್ ಎವಾರಿಸ್ತೊ ತಲೆ ಚಚ್ಚಿಕೊಳ್ಳುತ್ತ ಬಂದ. ಆ ಕಾಲದ ಫಿಲ್ಮಿನಲ್ಲಿ ಕೆಂಪೆಲ್ಲ ಕಪ್ಪಾಗಿ ಕಾಣುತ್ತಿತ್ತು, ಮುಖಕ್ಕೆ ಹಳದಿ ಬಳಿಯುತ್ತಿದ್ದುದೇ ಅದಕ್ಕೆ. ಹಳದಿಯಿಲ್ಲದ, ಬಿಸಿಲಿಗೆ ಕೆಂಪೇರಿದ ಮುಖ ಮಸಿಯಾಗಿ ಮೂಡಿತ್ತು. ಮತ್ತೆ ತೆಗೆಯಬೇಕು, ಅದೂ ಅದೇ ಹೋರಿಯೊಂದಿಗೆ, ಉಳಿದ ದೃಶ್ಯಗಳಲ್ಲೆಲ್ಲ ಆ ಮಚ್ಚೆಯೇ ಇದೆಯಲ್ಲ.

ಒಮ್ಮೆ ಆಡಿಸಿದ ಹೋರಿಯನ್ನು ಆ ಸೀಮೆಯಲ್ಲಿ ಯಾರೂ ಮತ್ತೆ ಅಖಾಡಕ್ಕೆ ಬಿಡುವುದಿಲ್ಲ. ಮೊದಲ ಸಲ ಅದು ಬಟ್ಟೆಗೆ ಹಾಯುತ್ತದೆ. ಎರಡನೇ ಸಲ ಬಟ್ಟೆ ಬಿಟ್ಟು ಮೈಗೆ. ಒರೆಸಿದ್ದು ನಾನೇ, ಬೇರೆ ಹೋರಿ ತನ್ನಿ ಎಂದು ಕಸಿಲ್ದಾ ಎವಾರಿಸ್ತೊನ ಕಾಲು ಹಿಡಿದಳು. ದೂರದ ಮದ್ರಿದ್ ನಗರದ ಆ ಮನುಷ್ಯನಿಗೆ ಇದೂ ಹಳದಿಯಂಥದೇ ಇನ್ನೊಂದು ಮೂಢನಂಬಿಕೆ ಅನಿಸಿತು.

"ಬೇಡ ಕಣೇ, ಅದು ಈಗ ಕಲಿತುಬಿಟ್ಟಿದೆ," ಎಂದು ಮಗಳನ್ನು ಬೇಡಿದಳು.

"ಮಾತು ಕೊಟ್ಟಿದ್ದೀನಮ್ಮ. ಅಪ್ಪ ಯಾವತ್ತಾದ್ರೂ ಅಖಾಡದ ಬಾಗಿಲಿಂದ ಹೆದರಿ ವಾಪಸ್ ಬಂದಿದ್ನಾ?"

"ಬಂದಿದ್ರೆ ಇವತ್ತು ಇಲ್ಲಿ ಊಟಕ್ಕೆ ಕೂತಿರ್ತಿದ್ದ."

ಮರುದಿನ ಹಳದಿಯನ್ನು ಕಸಿಲ್ದಾಳೇ ಹಚ್ಚಿದಳು. ಮಗಳ ಕಿವಿಗೂ ಮೆತ್ತಿದಳು. ಹೋರಿ ಬಂತು, ನಿಂತಿತು. ರೊಸೆಂದಾ ಬಟ್ಟೆ ಬೀಸಿದಳು. ಅದರ ಕಣ್ಣು ಬಟ್ಟೆಯತ್ತ ಹೊರಳಲೇ ಇಲ್ಲ. ಕಸಿಲ್ದಾ ಹಲಗೆಬೇಲಿ ಹೇಗೆ ಹಾರಿದಳೋ ಅವಳಿಗೇ ಗೊತ್ತಿಲ್ಲ. ಕಪ್ಪು ಶಾಲು ಬೀಸುತ್ತ, ಬೊಬ್ಬೆ ಹಾಕುತ್ತ ನಡುವೆ ಓಡಿದಳು. ಹೋರಿ ತಿರುಗಿ ಅವಳ ಸೊಂಟಕ್ಕೆ ಗುದ್ದಿತು. ಅಖಾಡದ ಆಳುಗಳು ಅವಳನ್ನು ಎಳೆದು ತಂದರು.

ಸೊಂಟ ಮತ್ತೆ ನೆಟ್ಟಗಾಗಲಿಲ್ಲ. ಕೊನೆಯವರೆಗೂ ಕೋಲೇ ಗತಿ. ಎವಾರಿಸ್ತೊ ಮಾತ್ರ ಕ್ಯಾಮೆರಾ ನಿಲ್ಲಿಸಿರಲಿಲ್ಲ. ಸಿನಿಮಾದಲ್ಲಿ ಅದೇ ಉಳಿಯಿತು: ಕಪ್ಪು ಶಾಲಿನ ಅಜ್ಜಿಯೇ ಓಡಿಬಂದು ಮೊಮ್ಮಗಳನ್ನು ಉಳಿಸುತ್ತಾಳೆ. ಎಂಥ ಕಲ್ಪನೆ ಎಂದು ಜನ ಅವನನ್ನು ಹೊಗಳಿದರು. ಅಜ್ಜಿಗೆ ಆಗ ನಲವತ್ತೊಂದು.

ಉತ್ರೇರಾಕ್ಕೆ ಆ ಸಿನಿಮಾ ಬಂದಾಗ, ಪರದೆಯ ಮೇಲೆ ಹೋರಿ ನಿಂತು ನೋಡಿದೊಡನೆ ಕಸಿಲ್ದಾ ಕಣ್ಣು ಮುಚ್ಚಿಕೊಂಡಳು. ರೊಸೆಂದಾ ಪಕ್ಕದಲ್ಲೇ ಕೂತು ಹುರಿಗಡಲೆ ತಿನ್ನುತ್ತಿದ್ದಳು.

"ಆಯ್ತಮ್ಮ, ನೀನು ಬಂದೆ. ಕಣ್ಣು ಬಿಡು."

ಕಸಿಲ್ದಾ ಕಣ್ಣು ಬಿಡಲಿಲ್ಲ. ಕತ್ತಲಲ್ಲಿ ಮಗಳ ಕೈ ತಡಕಿ, ಒಂದೊಂದೇ ಬೆರಳನ್ನು ಮುಟ್ಟಿ ನೋಡಿದಳು.