ಹವಾಲ್ದಾರರು ಬಿಟ್ಟ ಕಾಲು ಸುತ್ತು

ಹವಾಲ್ದಾರರ ಎಡಗೈ ಹೆಬ್ಬೆರಳಿನ ಉಗುರಿಗೆ ಯಾವಾಗಲೂ ಗುಲಾಬಿ ಬಣ್ಣದ ನೈಲ್ ಪಾಲಿಶ್ ಇರುತ್ತಿತ್ತು. ಮಿಕ್ಕ ಒಂಬತ್ತು ಬೆರಳು ಬರಿದು. ಆರಡಿ ಆಳು, ದಪ್ಪ ಬಿಳಿ ಮೀಸೆ, ಗೆರೆ ಕೂರಿಸಿ ಇಸ್ತ್ರಿ ಮಾಡಿದ ಪ್ಯಾಂಟು, ಅದರ ಜೊತೆಗೆ ಈ ಉಗುರು. ನನ್ನ ಅಂಗಡಿಗೆ ಕನ್ನಡಕ ಮಾಡಿಸಲು ಬಂದ ಹೆಂಗಸರು ಮೊದಲು ಉಗುರು ನೋಡಿ, ಆಮೇಲೆ ಮೀಸೆ ನೋಡಿ, ಕೊನೆಗೆ ನನ್ನ ಮುಖ ನೋಡುತ್ತಿದ್ದರು. ನಾನು ಬಾಯಿ ಬಿಡುತ್ತಿರಲಿಲ್ಲ. ಮನಸ್ಸು ಬಂದರೆ ಅವರೇ ಹೇಳುತ್ತಿದ್ದರು, "ಇದು ಸಿಂಗಾರಕ್ಕಲ್ಲಮ್ಮ, ಸ್ಕ್ರೂಗೆ."

ಅವರು ರಿಪೇರಿ ಮಾಡುತ್ತಿದ್ದದ್ದು ಫ್ಲೂಟು. ಬಿದಿರಿನದಲ್ಲ, ಬ್ಯಾಂಡಿನವರು ಊದುವ ಬೆಳ್ಳಿ ಬಣ್ಣದ ಲೋಹದ ಫ್ಲೂಟು. ಅದರ ಮೈತುಂಬ ಕೀಗಳು, ಕೀಗಳನ್ನು ಹಿಡಿದ ತೆಳ್ಳನೆ ರಾಡುಗಳು, ರಾಡುಗಳ ಎರಡು ತುದಿಗೂ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಸ್ಕ್ರೂಗಳು. ಊದಿ ಊದಿ, ಬೆರಳು ಬಡಿದು ಬಡಿದು ಆ ಸ್ಕ್ರೂಗಳು ತಾವಾಗಿಯೇ ಹಿಂದೆ ಸರಿಯುತ್ತವೆ. ಅದಕ್ಕೆ ಹವಾಲ್ದಾರರು ಉಗುರಿನ ಮೇಲೆ ಒಂದು ಹನಿ ಪಾಲಿಶ್ ಬಿಟ್ಟುಕೊಂಡು, ಗುಂಡುಸೂಜಿಯ ತುದಿಯಲ್ಲಿ ಎತ್ತಿ, ಸ್ಕ್ರೂವಿನ ತಲೆಯ ಪಕ್ಕ ಮುಟ್ಟಿಸುತ್ತಿದ್ದರು. ಒಣಗಿದ ಮೇಲೆ ಅದು ನಿಲ್ಲಿಸಿದ ಜಾಗದಲ್ಲೇ ನಿಲ್ಲುತ್ತಿತ್ತು. ಫ್ಯಾನ್ಸಿ ಸ್ಟೋರಿನ ಹುಡುಗಿ, "ಆಂಟಿಗಾ ಅಂಕಲ್?" ಅಂತ ಕೇಳಿದಾಗ, "ನಂಗೇ ಕಣಮ್ಮ" ಅಂದು ಗಂಭೀರವಾಗಿ ಬಂದಿದ್ದರಂತೆ.

ಇಪ್ಪತ್ತನಾಲ್ಕು ವರ್ಷ ಮಿಲಿಟರಿ ಬ್ಯಾಂಡಿನಲ್ಲಿದ್ದು ಊರಿಗೆ ಬಂದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹಾರಂಗಿ ರಸ್ತೆಯಲ್ಲಿ ತಂಗಿಯ ಮನೆಯಲ್ಲಿ ಇರುತ್ತಿದ್ದರು. ನಮ್ಮ ಹಿರಿಯರು ಹಾಸನ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿದವರು. ನನಗೆ ಗದ್ದೆ ಒಗ್ಗದೆ ಕನ್ನಡಕದ ಅಂಗಡಿ ಇಟ್ಟೆ. ಒಂದು ದಿನ ಅವರು ಬಂದು ಕನ್ನಡಕ ಬಿಗಿ ಮಾಡುವ ಸಣ್ಣ ಸ್ಕ್ರೂಡ್ರೈವರ್ ಕೇಳಿದರು. ಕೊಟ್ಟೆ. ಅಲ್ಲೇ ನಿಂತು ಒಂದು ಶಾಲೆಯ ಫ್ಲೂಟಿನ ಸ್ಕ್ರೂ ಬಿಗಿ ಮಾಡಿದರು. ಮಾರನೆ ದಿನ ಎರಡು ಫ್ಲೂಟು ತಂದರು. ಮೂರನೆ ವಾರಕ್ಕೆ ಅಂಗಡಿಯ ಕಿಟಕಿ ಪಕ್ಕ ಅವರದೇ ಒಂದು ಮೇಜು. ಬಾಡಿಗೆ ಬೇಡ ಅಂದೆ. ಅದಕ್ಕೆ ದಿನಾ ಬೆಳಿಗ್ಗೆ ಅಂಗಡಿ ಮುಂದೆ ಗುಡಿಸಿ ನೀರು ಹಾಕುತ್ತಿದ್ದರು. ಬೇಡವೆಂದರೆ ಕೇಳುವ ಜನವಲ್ಲ.

ಸುತ್ತಲಿನ ಶಾಲೆಗಳ ಬ್ಯಾಂಡಿನ ಫ್ಲೂಟು, ಕ್ಲಾರಿನೆಟ್ಟು ಎಲ್ಲ ಆ ಮೇಜಿಗೆ ಬರುತ್ತಿದ್ದವು. ಮಕ್ಕಳು ಅವರಿಗೆ 'ಸ್ಕ್ರೂ ಮಾಸ್ಟ್ರು' ಅಂತ ಹೆಸರಿಟ್ಟಿದ್ದರು. ಅವರಿಗದು ಗೊತ್ತಿತ್ತು, ಬೇಸರವೂ ಇರಲಿಲ್ಲ. ಕೆಲಸ ಮಾಡುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಸ್ಕ್ರೂ ಒಂದಿಷ್ಟು ತಿರುಗಿಸಿ, ಫ್ಲೂಟನ್ನು ಕಿವಿಗೆ ಹಿಡಿದು ಕೀ ಒತ್ತಿ, ಅದು ವಾಪಸು ಕೂರುವ ಸದ್ದು ಕೇಳಿ, ಮತ್ತೆ ತಿರುಗಿಸುವುದು. ನಾನೊಮ್ಮೆ, "ಇನ್ನೂ ಸ್ವಲ್ಪ ಬಿಗಿ ಮಾಡಿಬಿಡಿ, ಪದೇ ಪದೇ ಬರೋದು ತಪ್ಪುತ್ತೆ" ಅಂದೆ.

"ಇದು ಬಂದೂಕಲ್ಲ ಮಾರಾಯ, ಬಿಗಿ ಮಾಡಿದಷ್ಟು ಒಳ್ಳೇದು ಅನ್ನೋಕೆ. ತಿರುಗಬೇಕು, ಅಲ್ಲಾಡಬಾರದು. ಅಷ್ಟೇ."

ಅಷ್ಟೇ ಅಂದರು. ಆ ಅಷ್ಟೇ ಎಲ್ಲಿದೆ ಅಂತ ಅವರ ಬೆರಳಿಗೆ ಗೊತ್ತಿತ್ತು. ನನಗೆ ಹತ್ತು ವರ್ಷ ಪಕ್ಕದಲ್ಲಿ ಕೂತರೂ ಗೊತ್ತಾಗಲಿಲ್ಲ. ನಾನು ನಂಬರಿನ ಮನುಷ್ಯ. ಚಾರ್ಟಿನಲ್ಲಿ ಎಷ್ಟನೇ ಸಾಲು ಓದಿದರು, ಮೈನಸ್ ಎಷ್ಟು, ಪ್ಲಸ್ ಎಷ್ಟು, ಅದನ್ನೇ ನಂಬಿ ಬದುಕಿದವನು.

ಹವಾಲ್ದಾರರ ಕಣ್ಣನ್ನೂ ನಾನೇ ನೋಡುತ್ತಿದ್ದೆ. ಬಲಗಣ್ಣಿನ ಪೊರೆ ತೆಗೆಸಿದ್ದರು. ಎಡಗಣ್ಣಿನಲ್ಲಿ ನರದ ತೊಂದರೆ, ಅದಕ್ಕೆ ಕನ್ನಡಕದಲ್ಲಿ ಮದ್ದಿಲ್ಲ. ಪ್ರತಿ ಆರು ತಿಂಗಳಿಗೆ ಒಂದು ಸಾಲು ಕಡಿಮೆ ಓದುತ್ತಿದ್ದರು. ಓದಲಾಗದ ಅಕ್ಷರವನ್ನು ಧೈರ್ಯವಾಗಿ ತಪ್ಪು ಹೇಳುತ್ತಿದ್ದರು. ನಾನು ಸರಿ ಅನ್ನುತ್ತಿದ್ದೆ. ಮೈಸೂರಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿ ಅಂದದ್ದಕ್ಕೆ, "ತೋರಿಸಿ ಏನು ಮಾಡ್ಲಿ, ಈ ವಯಸ್ಸಲ್ಲಿ ಗುರಿ ಹೊಡೀಬೇಕಾ?" ಅಂದರು.

ಒಂದು ಸಲ ಶಾಲೆಯೊಂದರ ಬ್ಯಾಂಡ್ ಟೀಚರ್ ಅವರಿಲ್ಲದ ಹೊತ್ತಿಗೆ ಬಂದು, ರಿಪೇರಿ ಮಾಡಿಸಿದ್ದ ಫ್ಲೂಟಿನ ಕೀ ಒಂದು ಜೋತು ಬಿದ್ದಿರುವುದನ್ನು ತೋರಿಸಿದರು. ಸ್ಕ್ರೂ ಅರ್ಧಕ್ಕರ್ಧ ಹೊರಗೆ ಬಂದಿತ್ತು. "ವಯಸ್ಸಾಯ್ತಲ್ಲ ಪಾಪ" ಅಂದರು. ನಾನು ಅದನ್ನು ತಿರುಗಿಸಿ ಕೊಟ್ಟೆ. ಹವಾಲ್ದಾರರಿಗೆ ಹೇಳಲಿಲ್ಲ. ಅವರ ಮರ್ಯಾದೆ ಉಳಿಸಿದೆ ಅಂದುಕೊಂಡೆ. ಅವತ್ತಿನಿಂದ ದಿನಾ ಸಂಜೆ ಅವರು ಬಸ್ಸು ಹತ್ತಿದ ಮೇಲೆ, ಅವರು ಮುಗಿಸಿಟ್ಟ ವಾದ್ಯಗಳನ್ನು ತೆಗೆದು ಭೂತಗನ್ನಡಿ ಹಿಡಿದು ನೋಡುತ್ತಿದ್ದೆ. ಎಲ್ಲಾದರೂ ಸ್ಕ್ರೂ ಒಂಚೂರು ಮೇಲೆದ್ದ ಹಾಗೆ ಕಂಡರೆ ಬಿಗಿ ಮಾಡಿ ಇಟ್ಟುಬಿಡುತ್ತಿದ್ದೆ. ಇದು ಒಂದು ವರ್ಷ ನಡೆಯಿತು. ಯಾರೂ ದೂರು ಹೇಳಲಿಲ್ಲ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂಬ ಹೆಮ್ಮೆ ನನಗೆ ಸಾಕಷ್ಟಿತ್ತು, ಸುಳ್ಳು ಯಾಕೆ ಹೇಳಲಿ.

ಅವರಿಗೆ ಚೆಟ್ಟಳ್ಳಿ ಕಡೆ ಒಬ್ಬ ಗೆಳೆಯರಿದ್ದರು. ಒಂದೇ ಬ್ಯಾಂಡಿನಲ್ಲಿ ಅಕ್ಕಪಕ್ಕ ನಿಂತು ಫ್ಲೂಟು ಊದಿದವರು. ಆ ವರ್ಷ ಆ ಗೆಳೆಯರು ಶ್ವಾಸಕೋಶದ ಕಾಯಿಲೆಯಿಂದ ಹಾಸಿಗೆ ಹಿಡಿದರು. ಅವರಿಗೆ ಒಬ್ಬಳೇ ಮಗಳು, ಅಲ್ಲೇ ಶಾಲೆಯಲ್ಲಿ ಟೀಚರ್, ಫ್ಲೂಟು ಕಲಿತದ್ದು ಹವಾಲ್ದಾರರ ಹತ್ತಿರವೇ. ತಮ್ಮ ಹೆಣ ಮನೆಯಿಂದ ಎತ್ತುವಾಗ ಮಗಳು ತಮ್ಮ ಫ್ಲೂಟಿನಲ್ಲೇ, ಸತ್ತ ಸಿಪಾಯಿಗಳಿಗೆ ತಾವು ಊದುತ್ತಿದ್ದ ನಿಧಾನದ ಮಾರ್ಚ್ ನುಡಿಸಬೇಕು ಅಂತ ಆ ಅಪ್ಪ ಕೇಳಿಕೊಂಡಿದ್ದರು. ಅವಳು ಶಾಲೆಯ ಫ್ಲೂಟಿನಲ್ಲಿ ಅಭ್ಯಾಸ ಮಾಡುತ್ತ, ಅಪ್ಪನ ಹಳೇ ಫ್ಲೂಟನ್ನು ನಮ್ಮ ಅಂಗಡಿಗೆ ತಂದುಕೊಟ್ಟಳು. "ಬೇಗ ಬೇಕು ಮಾವ" ಅಂದಳು. ಎಷ್ಟು ಬೇಗ ಅಂತ ಹವಾಲ್ದಾರರು ಕೇಳಲಿಲ್ಲ.

ಎರಡು ದಿನ ಅದರ ಮೇಲೇ ಕೂತರು. ಕೀಗಳ ಅಡಿಯ ಮೆತ್ತನೆ ಪ್ಯಾಡು ಬದಲಿಸಿದರು, ಒಂದೊಂದೇ ಸ್ಕ್ರೂ ಬಿಚ್ಚಿ ತುಕ್ಕು ಒರೆಸಿ, ಹೊಲಿಗೆ ಮೆಷಿನ್ನಿನ ಎಣ್ಣೆ ಮುಟ್ಟಿಸಿ ಹಾಕಿದರು. ಊಟದ ಡಬ್ಬಿ ಹಾಗೇ ವಾಪಸು ಹೋಯಿತು. ಎರಡನೆ ದಿನ ಸಂಜೆ, "ಆಯ್ತು" ಅಂದು ಪೆಟ್ಟಿಗೆ ಮುಚ್ಚಿ ಬಸ್ಸಿಗೆ ಹೋದರು. ನಾನು ಪೆಟ್ಟಿಗೆ ತೆರೆದೆ. ಎಡಗೈ ಕಿರುಬೆರಳಿನ ಕೀ ಹಿಡಿದ ಸ್ಕ್ರೂ ಮಿಕ್ಕವುಗಳಿಗಿಂತ ಸ್ವಲ್ಪ ಎದ್ದಿತ್ತು. ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದಾಗ ಮೇಲಿನ ಪಾಲಿಶ್ ಚಟ್ಟನೆ ಒಡೆಯಿತು. ಪಾಲಿಶ್ ಹಾಕಿದ್ದಾರೆ ಅಂದರೆ ಅದು ಅವರೇ ಬೇಕೆಂದು ನಿಲ್ಲಿಸಿದ ಜಾಗ. ಅಷ್ಟು ಹೊಳೆಯಬೇಕಿತ್ತು ನನಗೆ. ಕಾಲು ಸುತ್ತು ತಿರುಗಿಸಿ ಸಮ ಮಾಡಿದೆ. ಕೀ ಒತ್ತಿ ನೋಡಿದೆ, ಚೆನ್ನಾಗಿಯೇ ಎದ್ದು ಕೂತಿತು. ಅಂಗಡಿಯ ಬಲ್ಬಿನ ಕೆಳಗೆ ಬೆಚ್ಚಗಿತ್ತು.

ಬೆಳಿಗ್ಗೆ ಗೆಳೆಯರು ತೀರಿಕೊಂಡ ಸುದ್ದಿ ಬಂತು. ಫ್ಲೂಟಿನ ಪೆಟ್ಟಿಗೆ ಸಮೇತ ಹವಾಲ್ದಾರರನ್ನು ನನ್ನ ಓಮ್ನಿ ವ್ಯಾನಿನಲ್ಲಿ ಕರೆದುಕೊಂಡು ಹೋದೆ. ಜುಲೈ ಕೊನೆ, ಕಕ್ಕಡ ತಿಂಗಳ ಮಳೆ, ದಾರಿಯುದ್ದಕ್ಕೂ ಮಂಜು. ಕೊಡವರ ಪದ್ಧತಿಯಂತೆ ಜೋಡಿ ಗುಂಡು ಹಾರಿಸಿ ಸಾವು ತಿಳಿಸಿದ್ದರು. ಅಂಗಳದ ತುಂಬ ಕೊಡೆಗಳು. ಮಗಳು ಅಡುಗೆಮನೆಯ ಒಲೆಯ ಹತ್ತಿರ ಕೂತು ಅಪ್ಪನ ಫ್ಲೂಟನ್ನು ಮೆಲ್ಲಗೆ ಊದಿ ನೋಡಿದಳು. ಸರಿಯಾಗಿತ್ತು. "ಅಪ್ಪ ಊದಿದ ಹಾಗೇ ಇದೆ ಮಾವ" ಅಂದಳು. ಹವಾಲ್ದಾರರು ತಲೆಯಾಡಿಸಿದರು.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಕಾದಳು. ಎತ್ತುವವರು ಬಗ್ಗಿದಾಗ ಶುರು ಮಾಡಿದಳು. ಎರಡು ಸಾಲು ಚೆನ್ನಾಗಿ ಬಂತು. ಮೂರನೆಯದರಲ್ಲಿ ಕಿರುಬೆರಳಿನ ಕೀ ಒತ್ತಬೇಕು. ಒತ್ತಿದಳು, ಕೀ ಎದ್ದಿತು, ವಾಪಸು ಕೂರಲಿಲ್ಲ. ಆಮೇಲೆ ಬಂದದ್ದು ಬರೀ ಗಾಳಿ. ಮೊದಲಿಂದ ಶುರು ಮಾಡಿದಳು, ಮತ್ತೆ ಅಲ್ಲೇ ನಿಂತಿತು. ಎತ್ತಿದವರು ಹೆಗಲ ಮೇಲೆ ಭಾರ ಹೊತ್ತು ಮಳೆಯಲ್ಲಿ ನಿಂತೇ ಇದ್ದರು. ಮೂರನೆ ಸಲವೂ ಅಷ್ಟೇ ಆಯಿತು. ಹಿರಿಯರೊಬ್ಬರು, "ಸಾಕು ಬಿಡವ್ವ, ಮಳೆ ಜೋರಾಯ್ತು" ಅಂದರು. ಹೆಣ ಅಂಗಳ ದಾಟಿ ತೋಟದ ಕಡೆ ಹೋಯಿತು.

ಹವಾಲ್ದಾರರು ಹೋಗಿ ಅವಳ ಕೈಯಿಂದ ಫ್ಲೂಟು ತೆಗೆದುಕೊಂಡರು. ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಆ ಸ್ಕ್ರೂ ಸವರಿದರು. ಒಡೆದ ಪಾಲಿಶ್ ಬೆರಳಿಗೆ ಸಿಕ್ಕಿರಬೇಕು. ಕಣ್ಣು ತೆರೆದು ಜನರ ನಡುವೆ ನನ್ನನ್ನು ಹುಡುಕಿ ಒಮ್ಮೆ ನೋಡಿದರು. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಕಾಲು ಸುತ್ತು ಹಿಂದಕ್ಕೆ ತಿರುಗಿಸಿದರು. ಕೀ ತಟ್ಟನೆ ಕೂತಿತು.

"ಈಗ ನುಡಿಸು ಮಗಳೇ."

"ಈಗ ಯಾರಿಗೆ ಮಾವ?"

ಸುತ್ತ ಇದ್ದವರಿಗೆಲ್ಲ ಕೇಳುವ ಹಾಗೆ ಹವಾಲ್ದಾರರು ಹೇಳಿದರು, "ನನ್ನ ತಪ್ಪು. ಕಣ್ಣು ಕಾಣಲ್ಲ ನಂಗೆ. ನಾನು ಒಪ್ಕೋಬಾರದಿತ್ತು." ಅವಳು ಅವರ ಮುಖ ನೋಡದೆ ಒಳಗೆ ಹೋದಳು. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಒಂದು ಮಾತು ಆಡಬಹುದಿತ್ತು.

ವಾಪಸು ಬರುವಾಗ ಹವಾಲ್ದಾರರು ಸ್ಕ್ರೂಡ್ರೈವರ್ ಒರೆಸಿ ಜೇಬಿಗೆ ಹಾಕಿಕೊಂಡರು. ಆಮೇಲೆ ತಾವೇ ಹೇಳಿದರು. ಪೆರೇಡ್ ಒಂದರಲ್ಲಿ ಗೆಳೆಯ ಜಾರಿ ಬಿದ್ದಾಗ ಆ ಕೀಯ ರಾಡು ನಿಲ್ಲಿಸಿದ ಗೂಟ ಕೂದಲೆಳೆಯಷ್ಟು ಬಾಗಿತ್ತಂತೆ. ಆ ಸ್ಕ್ರೂ ಕಾಲು ಸುತ್ತು ಹೊರಗಿದ್ದರೆ ಮಾತ್ರ ಕೀ ಆಡುತ್ತದೆ. ಪೂರ್ತಿ ಬಿಗಿ ಮಾಡಿದರೆ, ಚಳಿಗೆ ಎಣ್ಣೆ ಗಟ್ಟಿಯಾದ ಕೂಡಲೇ ಹಿಡಿದುಕೊಳ್ಳುತ್ತದೆ. ಮೂವತ್ತು ವರ್ಷ ಹಾಗೇ ಇಟ್ಟಿದ್ದರಂತೆ.

"ಎಷ್ಟು ದಿನದಿಂದ?" ಅಂದರು.

"ಒಂದು ವರ್ಷ."

"ಎಲ್ಲಾನೂ ನೋಡ್ತಿದ್ಯಾ?"

"ಎಲ್ಲಾನೂ."

"ನಿಜವಾಗಿ ಸಡಿಲ ಇದ್ದದ್ದು ಎಷ್ಟು?"

ಬ್ಯಾಂಡ್ ಟೀಚರ್ ತಂದ ಮೊದಲನೆಯದು ಸಡಿಲ ಇದ್ದದ್ದು ನಿಜ. ಮಿಕ್ಕವುಗಳಲ್ಲಿ ಯಾವುದು ಅವರ ಕಣ್ಣು ತಪ್ಪಿದ್ದು, ಯಾವುದು ಅವರು ಬೇಕಂತಲೇ ಬಿಟ್ಟದ್ದು ಅಂತ ನಾನು ನೋಡಿಯೇ ಇರಲಿಲ್ಲ. ಎದ್ದಂತೆ ಕಂಡದ್ದನ್ನೆಲ್ಲ ಬಿಗಿ ಮಾಡಿದ್ದೆ. ಗೊತ್ತಿಲ್ಲ ಅಂದೆ.

"ನೀನು ನಂಗೆ ಹೇಳಿದ್ದಿದ್ರೆ ಕೆಲಸ ಬಿಟ್ಟುಬಿಡ್ತಿದ್ದೆ. ಹೇಳದಿದ್ರೂ ಮುಟ್ಟದೆ ಇದ್ದಿದ್ರೆ, ನಾಲ್ಕು ಜನ ಬೈದು ಗೊತ್ತಾಗ್ತಿತ್ತು. ಈಗ ನನ್ನ ಕೈ ಸರಿ ಇದ್ಯೋ ಹೋಗಿದ್ಯೋ ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ." ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ನಾಳೆಯೇ ಹೋಗಿ ಆ ಹುಡುಗಿಗೆ ಹೇಳುತ್ತೇನೆ ಅಂದೆ. "ಬೇಡ. ಅವಳು ಫ್ಲೂಟು ಕೊಟ್ಟದ್ದು ನನ್ನ ಕೈಗೆ. ನನ್ನ ಮೇಜಿಂದ ಹೋದದ್ದು ನನ್ನದೇ" ಅಂದರು. ಬೇಡ ಅಂದದ್ದನ್ನು ನಾನು ಎಷ್ಟು ಬೇಗ ಒಪ್ಪಿಕೊಂಡೆ ಅಂತ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅವರು ಮತ್ತೆ ಮೇಜಿಗೆ ಬರಲಿಲ್ಲ. ಕೈಯಲ್ಲಿದ್ದ ಮೂರು ಕ್ಲಾರಿನೆಟ್ಟನ್ನು ಹಾಗೇ ಶಾಲೆಗೆ ವಾಪಸು ಕಳಿಸಿದರು. ಮಳೆಯಲ್ಲಿ ನಡೆದದ್ದು ಊರೂರಿಗೆ ಹಬ್ಬಿತ್ತು. ಕಣ್ಣು ಕಾಣದ ಮುದುಕ ಗೆಳೆಯನ ಕೊನೆ ಗಳಿಗೆ ಕೆಡಿಸಿದ ಅಂತ ಜನ ನನ್ನ ಅಂಗಡಿಯಲ್ಲೇ ಕೂತು ಮಾತಾಡಿದರು. ನಾನು ಅವರ ಕನ್ನಡಕ ಒರೆಸಿ ಕೊಟ್ಟೆ. ಹವಾಲ್ದಾರರು ಎರಡು ಸಲ ಬಸ್ಸು ಹತ್ತಿ ಚೆಟ್ಟಳ್ಳಿಗೆ ಹೋಗಿದ್ದರು. ಎರಡು ಸಲವೂ ಕೆಲಸದವಳ ಕೈಯಲ್ಲಿ ಕಾಫಿ ಬಂತಂತೆ, ಗೆಳೆಯನ ಮಗಳು ಹೊರಗೆ ಬರಲಿಲ್ಲವಂತೆ. "ಕಾಫಿ ಚೆನ್ನಾಗಿತ್ತು" ಅಂದರು ನನ್ನ ಹತ್ತಿರ.

ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಎದ್ದೇಳಲಿಲ್ಲ. ಎದೆನೋವು ಅಂತ ತಂಗಿಗೆ ಹೇಳಲೂ ಹೊತ್ತಿರಲಿಲ್ಲ. ಹುಡುಗಿ ಬಂದಿದ್ದಳು. ಅವರ ಕಾಲು ಹಿಡಿದು, "ನಾನು ಯಾವತ್ತೋ ಕ್ಷಮಿಸಿದ್ದೆ ಮಾವ, ಬಂದು ಹೇಳಬೇಕಿತ್ತು" ಅಂತ ಅತ್ತಳು. ನಾನು ಹಾರ ಹಿಡಿದು ಅವಳ ಪಕ್ಕದಲ್ಲೇ ನಿಂತಿದ್ದೆ. ಅಲ್ಲೂ ಬಾಯಿ ಬರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ಭಾನುವಾರ ಚೆಟ್ಟಳ್ಳಿಗೆ ಹೋದೆ. ಅವಳು ಅಂಗಳದಲ್ಲಿ ಮೆಣಸು ಹರವುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ, ಭೂತಗನ್ನಡಿಯಿಂದ ಹಿಡಿದು ವ್ಯಾನಿನಲ್ಲಿ ಆಡಿದ ಮಾತಿನವರೆಗೆ. ಅವಳು ಕೈ ನಿಲ್ಲಿಸಲಿಲ್ಲ.

"ನೀವು ಮಾಡಿದ್ದು ಅಂತ ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಎರಡು ಸಲ ಬಂದಿದ್ರು. ಅಲ್ಲಿ, ಆ ಬೆಂಚಿನ ಮೇಲೆ ಕೂತಿದ್ರು. ನಾನು ಒಳಗೇ ಇದ್ದೆ."

ನಾನು ತಪ್ಪಾಯಿತು ಅಂದೆ. ಅವಳು ಮೆಣಸಿನಲ್ಲಿದ್ದ ಕಡ್ಡಿ ಆರಿಸಿ ಪಕ್ಕಕ್ಕೆ ಹಾಕಿದಳು. ಆಮೇಲೆ ತಲೆ ಎತ್ತದೆ, "ಹೋಗುವಾಗ ಗೇಟು ಹಾಕ್ಕೊಂಡು ಹೋಗಿ, ದನ ನುಗ್ಗುತ್ತೆ" ಅಂದಳು.

ಹಾಕಿಕೊಂಡು ಬಂದೆ.